ಪೂರ್ವಕ್ಕೆ ಹಳ್ಳ, ದಕ್ಷಿಣಕ್ಕೆ ತಮ್ಮನ ಹಿಸ್ಸೆ

"ಪೂರ್ವಕ್ಕೆ ಹಳ್ಳ. ಪಶ್ಚಿಮಕ್ಕೆ ದೇವಸ್ಥಾನದ ಬಾಬ್ತು ಗದ್ದೆ. ಉತ್ತರಕ್ಕೆ ಓಣಿ ದಾರಿ. ದಕ್ಷಿಣಕ್ಕೆ ಇದೇ ಸರ್ವೆ ನಂಬರ್ ಪೈಕಿ ತಮ್ಮನ ಹಿಸ್ಸೆ."

ಇದು ಒಂದು ಹಳೆಯ ಪಾಲುಪಟ್ಟಿಯ ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಯ ವಿವರ. ಹೆಸರು ತೆಗೆದು ಇಲ್ಲಿ ಬರೆದಿದ್ದೇನೆ. ಯಾರೋ ಪತ್ರ ಬರಹಗಾರರು ಮಸಿ ಪೆನ್ನಿನಲ್ಲಿ, ಒಂದಕ್ಷರ ತಿದ್ದದೆ ಬರೆದದ್ದು. ಅವರಿಗೆ ಕವಿತೆ ಬರೆಯುವ ಯೋಚನೆ ಖಂಡಿತ ಇರಲಿಲ್ಲ. ಆದರೂ ಈ ನಾಲ್ಕು ಸಾಲು ಓದಿದಾಗಲೆಲ್ಲ ನನಗೆ ಕವಿತೆ ಓದಿದ ಹಾಗೇ ಆಗುತ್ತದೆ. ಆ ಕೊನೆಯ ಸಾಲು ನೋಡಿ. ಒಂದೇ ಮನೆಯಲ್ಲಿ ಉಂಡು ಬೆಳೆದ ಇಬ್ಬರು ಬೇರೆಯಾಗುತ್ತಿದ್ದಾರೆ. ಬೇರೆಯಾದ ಮೇಲೂ ಅಣ್ಣನ ಜಮೀನು ಎಲ್ಲಿ ಮುಗಿಯುತ್ತದೆ ಅಂತ ಹೇಳಬೇಕಾದರೆ ತಮ್ಮನ ಹೆಸರು ಹೇಳಲೇಬೇಕು. ಜಗಳವಾಗಿ ಮಾತು ಬಿಟ್ಟಿದ್ದರೂ ಹೇಳಲೇಬೇಕು.

ನಾನು ಒಂದು ತಾಲ್ಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಜಮೀನಿನ ಕಡತಗಳೇ ನನ್ನ ಕೆಲಸ. ಖಾತೆ ಬದಲಾವಣೆ, ಪೌತಿ (ತೀರಿಕೊಂಡವರ ಖಾತೆ ವಾರಸುದಾರರಿಗೆ ಮಾಡುವುದು), ಪೋಡಿ (ಅಳತೆ ಮಾಡಿ ಹಿಸ್ಸೆ ಬೇರೆ ಮಾಡುವುದು), ಪಹಣಿ (ಜಮೀನಿನ ಹಕ್ಕು, ಬೆಳೆಯ ದಾಖಲೆ) ತಿದ್ದುಪಡಿ. ಕಚೇರಿ ಭಾಷೆ ಅಂದ ಕೂಡಲೇ ಜನ ಮುಖ ಸಿಂಡರಿಸುವುದು ನನಗೆ ಗೊತ್ತು. "ಸದರಿ", "ಮೇಲ್ಕಂಡ", "ತತ್ಸಂಬಂಧ" ಅಂತ ಶುರುವಾದರೆ ಸಾಕು, ಅರ್ಧ ಜನ ಅಲ್ಲಿಗೇ ಓದುವುದನ್ನು ಬಿಡುತ್ತಾರೆ. ಅವರ ಬೇಸರ ನ್ಯಾಯವಾದದ್ದೇ. ಅದಕ್ಕೆ ಆಮೇಲೆ ಬರುತ್ತೇನೆ. ಈ ಕಾಗದಗಳ ಒಳಗೆ ನನಗೆ ಸಿಕ್ಕಿರುವುದನ್ನು ಮೊದಲು ಹೇಳಬೇಕು.

ಚಕ್ಕುಬಂದಿಯಲ್ಲಿ ಒಂದು ವಿಶೇಷ ಇದೆ. ಅದು ಜಮೀನಿನ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಮಣ್ಣು ಕೆಂಪೋ ಕಪ್ಪೋ, ಅಲ್ಲಿ ಏನು ಬೆಳೆಯುತ್ತಾರೆ, ಯಾವುದೂ ಇಲ್ಲ. ಸುತ್ತ ಯಾರಿದ್ದಾರೆ, ಏನಿದೆ ಅನ್ನುವುದಷ್ಟೇ ಇರುತ್ತದೆ. ಕೊನೆಗೆ "ಈ ಮಧ್ಯೆ ಇರುವ ಸ್ವತ್ತು" ಅಂತ ಬರೆದು ಮುಗಿಸುತ್ತಾರೆ. ನಮ್ಮದು ಅನ್ನುವುದನ್ನು ಪೂರ್ತಿಯಾಗಿ ನೆರೆಯವರ ಮೂಲಕವೇ ಗುರುತಿಸುವುದು. ನೆರೆಯೇ ಇಲ್ಲದ ಜಮೀನಿಗೆ ಚಕ್ಕುಬಂದಿ ಬರೆಯಲು ಆಗುವುದಿಲ್ಲ. ಹಳೆಯ ಪತ್ರಗಳಲ್ಲಿ ಮರಗಳೂ ನೆರೆಯವರೇ. "ಜೋಡಿ ಹುಣಸೆ ಮರದವರೆಗೆ", "ಹಾಳು ಬಾವಿಯ ದಿಬ್ಬದವರೆಗೆ", "ನೆಟ್ಟ ಕಲ್ಲಿನವರೆಗೆ". ಇವತ್ತು ಆ ಹುಣಸೆ ಮರ ಇರಲಿಕ್ಕಿಲ್ಲ. ಅದು ಅಲ್ಲಿತ್ತು, ಎರಡಿದ್ದವು ಅನ್ನುವುದಕ್ಕೆ ಲೋಕದಲ್ಲಿ ಉಳಿದಿರುವ ಸಾಕ್ಷಿ ಈ ಒಂದು ಸಾಲು ಮಾತ್ರ ಇರಬಹುದು.

ಈ ಪದ್ಧತಿ ಇಂದು ನಿನ್ನೆಯದಲ್ಲ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಎಲ್ಲರಿಗೂ ಗೊತ್ತು. ಸುಮಾರು ಕ್ರಿ.ಶ. 450ರದು. ಕನ್ನಡದ ತೀರ ಹಳೆಯ ಬರಹಗಳಲ್ಲಿ ಒಂದು ಅಂತ ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಹೆಮ್ಮೆ ಇದೆ. ಅದು ಒಂದು ಆಡಳಿತದ ಕಾಗದ. ಯುದ್ಧದಲ್ಲಿ ಶೌರ್ಯ ತೋರಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳುವಳ್ಳಿ ಎಂಬ ಊರುಗಳನ್ನು ಕೊಟ್ಟದ್ದು, ಅದನ್ನು ಕದ್ದವನು ಮಹಾಪಾತಕಿ ಅನ್ನುವ ಎಚ್ಚರಿಕೆ, ಇಷ್ಟೇ ಅದರ ತಿರುಳು. ನಾವು ಇವತ್ತು ಆದೇಶ ಅಂತ ಕರೆಯುವುದಕ್ಕೂ ಅದಕ್ಕೂ ಅಂಥ ದೂರವೇನಿಲ್ಲ. ಯಾರಿಗೆ, ಏನು, ಯಾಕೆ, ತಪ್ಪಿದರೆ ಏನು. ಕನ್ನಡ ನಮಗೆ ಬರಹದಲ್ಲಿ ಮೊದಮೊದಲು ಕಾಣಿಸುವುದೇ ಕಚೇರಿ ಕೆಲಸ ಮಾಡುತ್ತಾ. ಆಮೇಲಿನ ದಾನ ಶಾಸನಗಳಲ್ಲಿ ಎಲ್ಲೆ ಗುರುತು ಉದ್ದಕ್ಕೂ ಬರುತ್ತದೆ. ಕೆರೆ ಕೋಡಿ, ಆಲದ ಮರ, ಹುತ್ತ, ಬಂಡೆ. ಜೊತೆಗೆ ಈ ದಾನ ಸೂರ್ಯ ಚಂದ್ರರು ಇರುವವರೆಗೆ ನಡೆಯಲಿ ಅನ್ನುವ ಮಾತು. ಅವಧಿ ನಮೂದಿಸುವ ಕಲಮಿನಲ್ಲಿ ಸೂರ್ಯ ಚಂದ್ರರನ್ನು ಬರೆದ ಆ ಕರಣಿಕರ ಬಗ್ಗೆ ನನಗೆ ತುಂಬಾ ಪ್ರೀತಿ.

ಅವರ ಬರಹ ಇನ್ನೂ ಪೂರ್ತಿ ನಿಂತಿಲ್ಲ. ಯಾವುದೇ ಉಪ ನೋಂದಣಿ ಕಚೇರಿ ಹತ್ತಿರ ಹೋಗಿ ನೋಡಿ. ಝೆರಾಕ್ಸ್ ಅಂಗಡಿ, ಕಂಪ್ಯೂಟರ್ ಮುಂದೆ ಕೂತ ಪತ್ರ ಬರಹಗಾರರು. ನೋಂದಣಿ ಈಗ ಕಾವೇರಿ ತಂತ್ರಾಂಶದಲ್ಲಿ ನಡೆಯುತ್ತದೆ. ಫೋಟೊ, ಬೆರಳಚ್ಚು ಎಲ್ಲ ಯಂತ್ರದಲ್ಲಿ. ಆದರೆ ಕ್ರಯಪತ್ರದ ಒಳಗೆ ಇವತ್ತಿಗೂ ಈ ಸಾಲು ಬರುತ್ತದೆ: "ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತ." ವಿಜಯನಗರ ಕಾಲದ ಶಾಸನಗಳಲ್ಲಿ ಕೆತ್ತಿದ ಅದೇ ಎಂಟು. ಬಡಾವಣೆಯ 30-40 ಸೈಟು ಮಾರುವಾಗಲೂ ಅದೇ ಎಂಟು. ಮಣ್ಣಿನಲ್ಲಿ ಹೂತ ಸಂಪತ್ತು, ನೀರು, ಕಲ್ಲು, ಈಗ ಬರುತ್ತಿರುವ ಉತ್ಪತ್ತಿ, ಮುಂದೆ ಬರಲಿರುವುದು, ಆಗಲೇ ಆಗಿರುವುದು. ಕೊನೆಯದು ಸಾಧ್ಯ. ಇನ್ನೂ ಆಗದೆ ಇರುವುದು, ಆದರೆ ಆಗಬಹುದಾದದ್ದು. ಅದನ್ನೂ ಮಾರುತ್ತೇವೆ, ಅದನ್ನೂ ಕೊಳ್ಳುತ್ತೇವೆ. ಒಂದು ಗುಂಟೆ ನೆಲ ಬರೆದುಕೊಡುವಾಗ ಅದರ ನಾಳೆಯನ್ನೂ ಸೇರಿಸಿ ಬರೆದುಕೊಡಬೇಕು ಅಂತ ಯಾರಿಗೆ ಮೊದಲು ಹೊಳೆಯಿತೋ! ಬಹಳ ಜನ ಈ ಸಾಲನ್ನು ಓದದೆ ಸಹಿ ಹಾಕುತ್ತಾರೆ. ಒಂದು ಸಲ ನಿಧಾನವಾಗಿ ಓದಿ ಅಂತ ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ಬೀರುವಿನೊಳಗೆ ಇದ್ದೇ ಇರುತ್ತದೆ.

ಅಳತೆಯಲ್ಲೂ ಇಂಥದ್ದು ಇದೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಸರ್ವೆಯವರ ಸರಪಳಿ 33 ಅಡಿ. ಸರಪಳಿಯ ಉದ್ದ, ಸರಪಳಿಯ ಅಗಲ, ಅಂದರೆ 1089 ಚದರ ಅಡಿ, ಒಂದು ಗುಂಟೆ. ದುಡ್ಡಿನ ಲೆಕ್ಕದಿಂದ ಆಣೆಯನ್ನು 1957ರಲ್ಲಿ ತೆಗೆದರು, ನಯಾ ಪೈಸೆ ಬಂತು. ನೆಲದ ಲೆಕ್ಕದಲ್ಲಿ ಮಾತ್ರ ಆಣೆ ಹಾಗೇ ಉಳಿಯಿತು. ಎಂದೂ ಆಣೆ ಕಾಸು ಮುಟ್ಟಿರದ ಹುಡುಗರು ಬಂದು "ಮೇಡಂ, ನಮ್ಮ ಪಹಣಿಯಲ್ಲಿ ಎಂಟಾಣೆ ಕಮ್ಮಿ ತೋರಿಸ್ತಿದೆ" ಅಂತ ಅರ್ಜಿ ಕೊಡುತ್ತಾರೆ.

ಮಳೆ ರಿಜಿಸ್ಟರ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಮ್ಮ ಕಚೇರಿ ಆವರಣದಲ್ಲಿ ಒಂದು ಮಳೆ ಮಾಪಕ ಇದೆ. ಬೆಳಿಗ್ಗೆ 8.30ಕ್ಕೆ ಅಳೆಯಬೇಕು. ದೇಶದ ಎಲ್ಲ ಕಡೆಯೂ ಅದೇ ಹೊತ್ತು. ಹಿಂದಿನ ದಿನದ 8.30ರಿಂದ ಇವತ್ತಿನ 8.30ರವರೆಗೆ ಬಿದ್ದದ್ದು ಇವತ್ತಿನ ಮಳೆ. 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಅದು "ಮಳೆ ದಿನ" ಅಂತ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ ಮಳೆ ಬಂದಿದೆ, ಮಳೆ ದಿನ ಆಗಿಲ್ಲ. ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಯಂತ್ರ ಇಟ್ಟಿದ್ದಾರೆ. ಅವು ತಾವೇ ಅಳೆದು ತಾವೇ ಕಳಿಸುತ್ತವೆ. ಒಳ್ಳೆಯದೇ ಆಯಿತು. ಆದರೆ ಹಳೆಯ ರಿಜಿಸ್ಟರ್‌ನ ಪುಟಗಳಲ್ಲಿ ಇರುವುದು ಯಂತ್ರದ ವರದಿಯಲ್ಲಿ ಇಲ್ಲ. ಜೂನ್ ತಿಂಗಳ ಒಂದು ಪುಟ ತೆಗೆದರೆ ಸಾಲಾಗಿ "ಇಲ್ಲ", "ಇಲ್ಲ", "ಇಲ್ಲ", "ಇಲ್ಲ". ದಿನವೂ ಒಬ್ಬ ಮನುಷ್ಯ ಹೋಗಿ, ಮುಚ್ಚಳ ತೆಗೆದು, ಒಣಗಿದ ತಳ ನೋಡಿ ಬಂದು ಬರೆದದ್ದು. ಆಮೇಲೆ ಒಂದು ದಿನ "18.4". ಅದರ ಪಕ್ಕದಲ್ಲಿ, ಷರಾ ಕಲಮಿನಲ್ಲಿ, ಬರೆಯಬೇಕಾದ ಅಗತ್ಯವೇ ಇಲ್ಲದಿದ್ದರೂ, "ಆರಿದ್ರಾ" ಅಂತ ಒಂದೇ ಮಾತು. ಸರ್ಕಾರಕ್ಕೆ ಬೇಕಾಗಿದ್ದದ್ದು ಮಿಲಿಮೀಟರ್. ಬರೆದವನು ರೈತರ ಮನೆಯವನಿರಬೇಕು. ಆರಿದ್ರಾ ಆಗದಿದ್ದರೆ ದರಿದ್ರ ಅಂತ ಕೇಳಿಕೊಂಡೇ ಬೆಳೆದವನು. ಅಷ್ಟು "ಇಲ್ಲ" ಬರೆದ ಕೈಗೆ ಆ ಮಳೆಯ ಹೆಸರನ್ನು ಬರೆಯದೆ ಇರಲು ಆಗಿಲ್ಲ.

ನಾನು ಹೇಳಬೇಕೆಂದಿರುವುದು ಇದನ್ನೇ. ಕಚೇರಿಯ ಬರಹದಲ್ಲಿ ಕವಿತೆ ಬರುವುದು ಯಾರೋ ಚೆಂದದ ಮಾತು ಸೇರಿಸಿದ್ದರಿಂದ ಅಂತ ನನಗನಿಸುವುದಿಲ್ಲ. ಬರೆದವರು ಎದ್ದು ಹೋಗಿ ನೋಡಿ ಬಂದಿರುತ್ತಾರೆ. ತಪ್ಪು ಬರೆದರೆ ಒಬ್ಬರ ನೆಲ, ಒಬ್ಬರ ಪರಿಹಾರ, ಒಬ್ಬರ ಪಿಂಚಣಿ ಹೋಗುತ್ತದೆ ಅನ್ನುವ ಭಯ ಇರುತ್ತದೆ. ಆ ಎರಡೂ ಇದ್ದ ಕಡೆ ವಾಕ್ಯ ತಾನಾಗೇ ಗಟ್ಟಿಯಾಗುತ್ತದೆ.

ಸ್ಥಳ ನೋಡಿ, ಪಂಚರು ಅನ್ನುವ ಸಾಕ್ಷಿಗಳ ಎದುರು ಬರೆಯುವ ವರದಿಗೆ ಮಹಜರ್ ಅನ್ನುತ್ತಾರೆ. ಅದನ್ನು ಬರೆಯುವುದನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಒಂದು ಮಳೆಗಾಲದಲ್ಲಿ ಮನೆ ಬಿದ್ದ ಪ್ರಕರಣ. ಗ್ರಾಮ ಆಡಳಿತ ಅಧಿಕಾರಿಯಾಗಿ ಹೊಸದಾಗಿ ಬಂದ ಹುಡುಗ. ಓದಿದವನು, ಚುರುಕು. ಅವನು ತಂದ ಮಹಜರ್‌ನಲ್ಲಿ "ಸದರಿ ಮನೆಯು ಮಳೆಯಿಂದ ಭಾಗಶಃ ಹಾನಿಯಾಗಿರುತ್ತದೆ" ಅಂತ ಇತ್ತು. ಕೆಳಗೆ ಪಂಚರ ಸಹಿ.

"ಯಾವ ಗೋಡೆ ಬಿದ್ದಿದೆ?" ಅಂತ ಕೇಳಿದೆ.

"ಹಿಂದಿನದು ಮೇಡಂ."

"ಪೂರ್ತಿನಾ?"

"ಅಲ್ಲಿ ತುಂಬಾ ಕೆಸರಿತ್ತು ಮೇಡಂ, ಮುಂದಿನಿಂದಲೇ ನೋಡಿದೆ."

"ಇನ್ನೊಂದು ಸಲ ಹೋಗಿ ಬಾಪ್ಪಾ. ಮನೆಯೊಳಗೆ ಹೋಗು. ಏನು ಕಾಣುತ್ತೋ ಅದನ್ನೇ ಬರಿ."

ಬೇಸರ ಮಾಡಿಕೊಳ್ಳದೆ ಹೋದ. ಎರಡನೇ ಮಹಜರ್ ಹೀಗಿತ್ತು: "ಹಿತ್ತಲ ಕಡೆಯ ಮಣ್ಣಿನ ಗೋಡೆ ಪೂರ್ತಿ ಬಿದ್ದಿದೆ. ಅಡುಗೆ ಮನೆಯ ಹೆಂಚು ಒಳಗೆ ಕುಸಿದಿದೆ. ಒಲೆಯ ಮೇಲೆ ಪಾತ್ರೆ ಇದ್ದು ಅದರಲ್ಲಿ ಮಣ್ಣು ತುಂಬಿದೆ. ಮುಂದಿನ ಗೋಡೆಯಲ್ಲಿ ಕೈ ಹೋಗುವಷ್ಟು ಬಿರುಕಿದೆ. ಮನೆಯವರು ರಾತ್ರಿ ಅಂಗನವಾಡಿಯಲ್ಲಿ ಮಲಗುತ್ತಿದ್ದಾರೆ." ಒಂದೇ ಒಂದು ಅಲಂಕಾರ ಇಲ್ಲ. ಆದರೆ ಆ ಕಾಗದವನ್ನು ನಾನು ತಹಶೀಲ್ದಾರರ ಮುಂದೆ ಇಟ್ಟಾಗ ಅವರು ಒಲೆಯ ಸಾಲಿಗೆ ಬಂದು ನಿಂತರು. ಇನ್ನೊಂದು ಸಲ ಓದಿದರು. ಎಂಜಿನಿಯರ್ ಅವತ್ತೇ ಹೋಗಿ ನೋಡಿದರು. ಭಾಗಶಃ ಅನ್ನುವುದಕ್ಕೂ ವಾಸಕ್ಕೆ ಯೋಗ್ಯವಲ್ಲ ಅನ್ನುವುದಕ್ಕೂ ಪರಿಹಾರದ ಮೊತ್ತದಲ್ಲಿ ಬಹಳ ವ್ಯತ್ಯಾಸ ಇದೆ. ಬಿರುಕಿನೊಳಗೆ ಕೈ ಹಾಕಿ ನೋಡಿದವನಿಗೆ ಮಾತ್ರ ಆ ವ್ಯತ್ಯಾಸ ಬರೆಯಲು ಸಾಧ್ಯ.

ನನಗೆ ಎಲ್ಲಕ್ಕಿಂತ ಹತ್ತಿರವಾದ ಕಾಗದ ವಂಶವೃಕ್ಷ. ಮನೆಯ ಯಜಮಾನ ತೀರಿಕೊಂಡರೆ ಪೌತಿ ಖಾತೆ ಮಾಡಿಸಬೇಕಲ್ಲ, ಅದಕ್ಕೆ ಇದು ಬೇಕು. ಒಂದೇ ಹಾಳೆ. ಮೇಲೆ ಮೂಲ ಪುರುಷನ ಹೆಸರು, ಕೆಳಗೆ ಗೆರೆ ಎಳೆದು ಹೆಂಡತಿ, ಮಕ್ಕಳು, ಸೊಸೆ, ಮೊಮ್ಮಕ್ಕಳು. ಹೆಸರಿನ ಪಕ್ಕದಲ್ಲಿ ವಯಸ್ಸು. ವಯಸ್ಸು ಇಲ್ಲದ ಕಡೆ ಕಂಸದೊಳಗೆ "ಮೃತ". ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಹೇಳುವ ಬೇರೆ ಬರಹ ನನಗೆ ಗೊತ್ತಿಲ್ಲ. ಮೂರು ಗೆರೆ ಒಂದೇ ಕಡೆಯಿಂದ ಹೊರಟು, ನಡುವಿನದು ಅಲ್ಲಿಗೇ ನಿಂತಿರುತ್ತದೆ. ಒಬ್ಬ ಯಜಮಾನನಿಗೆ ಇಬ್ಬರು ಹೆಂಡತಿಯರು, ಮೊದಲನೆಯವಳ ಹೆಸರಿನ ಮುಂದೆ "ಮೃತ", ಎರಡನೆಯವಳ ವಯಸ್ಸಿಗೂ ಹಿರಿಯ ಮಗನ ವಯಸ್ಸಿಗೂ ನಾಲ್ಕೇ ವರ್ಷ ಅಂತರ. ಓದುವವರಿಗೆ ಒಂದು ಕಾದಂಬರಿಯಷ್ಟು ಕಥೆ ಅಲ್ಲಿದೆ. ಬರೆದವರು ಬರೀ ಹೆಸರು ಬರೆದಿದ್ದಾರೆ.

ಒಬ್ಬರು ಅಜ್ಜಿ ಬಂದಿದ್ದರು. ಗಂಡ ಹೋಗಿ ವರ್ಷದ ಮೇಲಾಗಿತ್ತು. ಮಗ ಹೊರಗೆ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದ. ಅಜ್ಜಿ ನನ್ನ ಟೇಬಲ್ ಅಂಚು ಹಿಡಿದು ನಿಂತು ಮಕ್ಕಳ ಹೆಸರು ಹೇಳುತ್ತಿದ್ದರು. ನಾಲ್ಕು ಹೆಸರು ಹೇಳಿ ಸ್ವಲ್ಪ ತಡೆದರು.

"ಇನ್ನೊಂದು ಇತ್ತು ಕಣಮ್ಮಾ. ಮೂರು ತಿಂಗ್ಳಿಗೇ ಹೋಯ್ತು. ಹೆಸರು ಇಟ್ಟಿದ್ವಿ. ಅದ್ನ ಹಾಕ್ಬೇಕಾ, ಬ್ಯಾಡ್ವಾ?"

ಖಾತೆಗೆ ಆ ಹೆಸರಿನಿಂದ ಏನೂ ಆಗಬೇಕಾಗಿರಲಿಲ್ಲ. ಬರೆದರೂ ಬಿಟ್ಟರೂ ಪಾಲು ಅಷ್ಟೇ. "ನಿಮಗೇನನ್ಸುತ್ತೆ ಅಜ್ಜಿ?" ಅಂದೆ.

"ಎಲ್ರ ಹೆಸರೂ ಬರೀತಿದೀಯಲ್ಲ. ಅವಳೊಬ್ಬಳೇ ಯಾಕೆ ಹೊರಗೆ?"

ಬರೆದೆ. ಎರಡನೆಯವನಿಗೂ ಮೂರನೆಯವಳಿಗೂ ನಡುವೆ ಒಂದು ಗೆರೆ, ಒಂದು ಹೆಸರು, ಪಕ್ಕದಲ್ಲಿ ಮೃತ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಯಾವುದು ಅವಳ ಹೆಸರು ಅಂತ ಕೇಳಿ, ಬೆರಳಿಟ್ಟು ನೋಡಿದರು. ಹುಟ್ಟಿ ಮೂರು ತಿಂಗಳಿದ್ದು ಹೋದ ಮಗುವಿನ ಹೆಸರು ಯಾವುದೇ ಕಾಗದದಲ್ಲಿ ಬಂದದ್ದು ಅದೇ ಮೊದಲಿರಬೇಕು.

ಹಳೆಯ ವಂಶವೃಕ್ಷಗಳಲ್ಲಿ ಹೊರಗೆ ಉಳಿದವರು ಬೇರೆಯೇ. ಹೆಣ್ಣುಮಕ್ಕಳು. ಎಷ್ಟೋ ಹಾಳೆಗಳಲ್ಲಿ ಅವರ ಗೆರೆಯೇ ಇಲ್ಲ. ಕೆಲವು ಕಡೆ ಹೆಸರಿದ್ದರೂ "ಮದುವೆ ಮಾಡಿಕೊಟ್ಟಿದೆ" ಅಂತ ಬರೆದು ಅಲ್ಲಿಗೆ ಮುಗಿಸಿದ್ದಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಡುವ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು. ಮದುವೆಯಾದವರಿಗೂ ಸಮಪಾಲು ಅನ್ನುವ ಕೇಂದ್ರದ ತಿದ್ದುಪಡಿ 2005ರಲ್ಲಿ. ಆಮೇಲೆ ಹಾಳೆಯ ಮೇಲಿನ ಚಿತ್ರವೇ ಬದಲಾಯಿತು. ಮರಗಳು ಅಗಲವಾದವು. ನಮ್ಮ ಅಭಿಲೇಖಾಲಯದಲ್ಲಿ ಒಂದೇ ಮನೆತನದ ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ್ದೇನೆ. ಹಳೆಯದರಲ್ಲಿ ಮೂರು ಹೆಸರಿದ್ದ ಸಾಲಿನಲ್ಲಿ ಹೊಸದರಲ್ಲಿ ಏಳು. ನಾಲ್ಕು ಜನ ಅಕ್ಕತಂಗಿಯರು ಅಷ್ಟು ಕಾಲ ಎಲ್ಲಿದ್ದರು? ಒಂದು ಕಾನೂನು ಬಂದು ಅವರನ್ನು ಸಾಲಿನೊಳಗೆ ಕರೆಯಬೇಕಾಯಿತು. ಹೆಸರು ಬಂದ ಕೂಡಲೇ ಪಾಲು ಸಿಕ್ಕಿತು ಅಂತ ನಾನು ಹೇಳಲಾರೆ. "ತವರು ಮನೆ ಬೇಕು ಅಂತ ಸಹಿ ಹಾಕಿಕೊಟ್ಟೆ" ಅನ್ನುವ ಮಾತನ್ನು ಈಗಲೂ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಆದರೆ ಕಾಗದದಲ್ಲಿ ಇದ್ದಾರೆ. ಅವರನ್ನು ಕೇಳದೆ ಮುಂದೆ ಹೋಗಲು ಆಗುವುದಿಲ್ಲ.

ಈಗ ಜನರ ಬೇಸರದ ಮಾತಿಗೆ ಬರುತ್ತೇನೆ.

ನನ್ನ ಅಪ್ಪನ ಪಿಂಚಣಿ ವಿಷಯದಲ್ಲಿ ಒಂದು ಕಚೇರಿಯಿಂದ ಬಂದ ಕಾಗದವನ್ನು ಇನ್ನೂ ಇಟ್ಟುಕೊಂಡಿದ್ದೇನೆ. "ತಮ್ಮ ಮನವಿಯು ಪರಿಶೀಲನೆಯಲ್ಲಿದ್ದು, ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂದು ತಿಳಿಸಲು ನಿರ್ದೇಶಿತನಾಗಿದ್ದೇನೆ." ಅಪ್ಪ ನಿವೃತ್ತ ಮೇಷ್ಟ್ರು. ಕನ್ನಡ ಕಲಿಸಿದವರು. ಮೂರು ಸಲ ಓದಿ, "ಏನು ಹೇಳ್ತಿದ್ದಾರಮ್ಮಾ ಇವರು?" ಅಂತ ನನ್ನನ್ನು ಕೇಳಿದರು. ಯಾರು ನೋಡುತ್ತಿದ್ದಾರೆ? ಯಾವಾಗ ಮುಗಿಯುತ್ತದೆ? ಯಾವ ನಿಯಮ? ಏನು ಕಡಿಮೆಯಾಗಿದೆ? ಆ ವಾಕ್ಯದಲ್ಲಿ ಒಬ್ಬ ಮನುಷ್ಯನೂ ಇಲ್ಲ. ನಿರ್ದೇಶಿಸಿದವರು ಯಾರೋ, ಪರಿಶೀಲಿಸುವವರು ಯಾರೋ, ಕೈಗೊಳ್ಳುವವರು ಯಾರೋ. ಕಾಗದದಲ್ಲಿ ಕಾಣುತ್ತಿದ್ದದ್ದು ಅಪ್ಪ ಒಬ್ಬರೇ, ಅದೂ "ತಮ್ಮ" ಅನ್ನುವ ಒಂದು ಮಾತಿನಲ್ಲಿ.

ಈ ಭಾಷೆ ಹೀಗೆ ಯಾಕಾಯಿತು ಅನ್ನುವುದಕ್ಕೂ ಒಂದು ಇತಿಹಾಸ ಇದೆ. ಕನ್ನಡವನ್ನು ಆಡಳಿತ ಭಾಷೆ ಮಾಡುವ ಕಾನೂನು ಬಂದದ್ದು 1963ರಲ್ಲಿ. ರಾಜ್ಯಕ್ಕೆ ಆಗಿನ್ನೂ ಮೈಸೂರು ಅಂತಲೇ ಹೆಸರು. ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಪತ್ರ ವ್ಯವಹಾರವನ್ನು ಕನ್ನಡಕ್ಕೆ ತರುವ ಕೆಲಸ ದೊಡ್ಡದು. ಅದನ್ನು ಮಾಡಿದವರ ಶ್ರಮಕ್ಕೆ ನನ್ನ ಗೌರವ ಇದೆ. ಅವರಿಂದಲೇ ಇವತ್ತು ನಾನು ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಆದರೆ ಕರಡು ಇಂಗ್ಲಿಷಿನದಾಗಿ ಅಕ್ಷರ ಮಾತ್ರ ಕನ್ನಡವಾದಾಗ ಈ "ಲಾಗಿದೆ", "ಲಾಗುವುದು" ಬಂದು ಕೂತಿತು ಅಂತ ನನಗನಿಸುತ್ತದೆ. ಮಾಡಿದವರಿಲ್ಲದ ಕ್ರಿಯಾಪದ. ಹಳ್ಳಿಯವರು ಹೀಗೆ ಮಾತಾಡುವುದಿಲ್ಲ, ಶಾನುಭೋಗರ ಖಿರ್ದಿ (ದಿನದ ಲೆಕ್ಕದ) ಪುಸ್ತಕದಲ್ಲೂ ನಾನು ಇದನ್ನು ಅಷ್ಟಾಗಿ ಕಂಡಿಲ್ಲ. ಕೆಲವು ಸಲ ಅದರ ಅಗತ್ಯ ಇದೆ ಅಂತ ಒಪ್ಪುತ್ತೇನೆ. ತೀರ್ಮಾನ ಕಚೇರಿಯದು, ಗುಮಾಸ್ತರದ್ದಲ್ಲ. ಒಂದು ಕಠಿಣ ಆದೇಶದಲ್ಲಿ ಬರೆದ ನೌಕರನ ಹೆಸರು ಮುಂದೆ ಬಂದರೆ ಅವನು ಊರಿನಲ್ಲಿ ಓಡಾಡುವುದು ಕಷ್ಟ. ಸರಿ. ಹಾಗಂತ ದಿನಾಂಕ ಕೂಡ ಇಲ್ಲದ ಉತ್ತರಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ.

ಸಕಾಲ ಬಂದಾಗ ನಾವೆಲ್ಲ ಸ್ವಲ್ಪ ಗಾಬರಿಯಾಗಿದ್ದೆವು. 2011ರ ಕಾಯ್ದೆ, ಜಾರಿಯಾದದ್ದು 2012ರಲ್ಲಿ. ಅರ್ಜಿ ಕೊಟ್ಟ ಕೂಡಲೇ ಜಿಎಸ್‌ಸಿ ಸಂಖ್ಯೆ, ಅಂದರೆ ಅರ್ಜಿಯ ಗುರುತಿನ ನಂಬರ್, ಇರುವ ಒಂದು ಚೀಟಿ ಕೊಡಬೇಕು, ಇಂಥ ದಿನದೊಳಗೆ ಕೆಲಸ ಆಗಬೇಕು. ಆ ಚೀಟಿಯನ್ನು ಜನ ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳುವುದನ್ನು ನೋಡಿದ ಮೇಲೆ ನನಗೆ ಅದರ ಬೆಲೆ ಗೊತ್ತಾಯಿತು. ಅದರಲ್ಲಿ ಸಾಹಿತ್ಯ ಏನೂ ಇಲ್ಲ. ಒಂದು ದಿನಾಂಕ ಇದೆ. ಕಾಯುವವರಿಗೆ ದಿನಾಂಕಕ್ಕಿಂತ ಒಳ್ಳೆಯ ಮಾತು ಯಾವುದಿದೆ?

ಕಡತದ ಟಿಪ್ಪಣಿ ಹಾಳೆಗಳದ್ದು ಇನ್ನೊಂದು ಲೋಕ. ಹೊರಗಿನವರು ಅದನ್ನು ನೋಡುವುದೇ ಕಡಿಮೆ. ವಿಷಯ ನಿರ್ವಾಹಕರು ಬರೆಯುತ್ತಾರೆ, ಕಂಡಿಕೆಗೆ (ಪ್ಯಾರಾಗೆ) ನಂಬರ್ ಹಾಕುತ್ತಾರೆ, ಶಿರಸ್ತೇದಾರರಿಗೆ ಹೋಗುತ್ತದೆ, ಅಲ್ಲಿಂದ ತಹಶೀಲ್ದಾರರಿಗೆ. ಪ್ರತಿಯೊಬ್ಬರೂ ಹಿಂದಿನವರಿಗೆ ಉತ್ತರ ಕೊಡುತ್ತಾ ಹೋಗುತ್ತಾರೆ. ವರ್ಷಗಟ್ಟಲೆ ನಡೆದ ಕಡತವಾದರೆ ಒಬ್ಬರ ಪ್ರಶ್ನೆಗೆ ಉತ್ತರ ಬರೆದವರು ಅವರನ್ನು ಕಂಡೇ ಇರುವುದಿಲ್ಲ. ಅಷ್ಟರಲ್ಲಿ ವರ್ಗವಾಗಿರುತ್ತದೆ, ನಿವೃತ್ತಿಯಾಗಿರುತ್ತದೆ. ಅಧಿಕಾರಿಗಳು ಸಾಮಾನ್ಯವಾಗಿ ಬರೆಯುವುದು ಒಂದೇ ಮಾತು. "ಚರ್ಚಿಸಿ." "ಮರುಮಂಡಿಸಿ." "ಅನುಮೋದಿಸಿದೆ." ಅಷ್ಟರಲ್ಲೇ ಅವರ ಸ್ವಭಾವ ಗೊತ್ತಾಗುತ್ತದೆ.

ರಸ್ತೆ ಅಗಲ ಮಾಡಲು ಒಂದು ಆಲದ ಮರ ಕಡಿಯುವ ಬಗ್ಗೆ ಒಂದು ಹಳೆಯ ಕಡತ ನೋಡಿದ್ದೆ. ಮೊದಲ ಕಂಡಿಕೆಗಳಲ್ಲಿ ಎಲ್ಲವೂ ಕ್ರಮವಾಗಿ ಇತ್ತು. ಮರದ ಸುತ್ತಳತೆ, ಅಂದಾಜು ಬೆಲೆ, ಹರಾಜು. ಕೊನೆಯಲ್ಲಿ ಅನುಮೋದನೆಗೆ ಮಂಡಿಸಿದೆ ಅಂತ. ಅದರ ಕೆಳಗೆ ಹಸಿರು ಶಾಯಿಯಲ್ಲಿ, ಚಿಕ್ಕ ಅಕ್ಷರದಲ್ಲಿ, ಆಗಿನ ತಹಶೀಲ್ದಾರರು ಬರೆದಿದ್ದರು: "ಈ ಮರದ ಕೆಳಗೆ ಸೋಮವಾರದ ಸಂತೆ ಕೂರುತ್ತದೆ. ಸಂತೆಯವರನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ. ಚರ್ಚಿಸಿ." ಅವರು ಯಾರು, ಯಾವ ಊರಿನವರು, ನನಗೆ ಗೊತ್ತಿಲ್ಲ. ಆ ಮೂರು ವಾಕ್ಯ ಓದಿದ ಮೇಲೆ ಅವರ ಕೈಕೆಳಗೆ ಕೆಲಸ ಮಾಡಬೇಕಿತ್ತು ಅನಿಸಿತು. ಮರ ಈಗಲೂ ಇದೆ. ರಸ್ತೆ ಅಲ್ಲಿ ಸ್ವಲ್ಪ ವಾಲಿ ಹೋಗುತ್ತದೆ.

ಈಗ ಇ-ಆಫೀಸ್ ಬಂದಿದೆ. ಹಸಿರು ಶಾಯಿ ಇಲ್ಲ, ಕೈಬರಹ ಇಲ್ಲ. ಕಡತ ಎಲ್ಲಿದೆ ಅಂತ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಮೊದಲು ಅದನ್ನೇ ಹುಡುಕಲು ಮೂರು ಅಲಮಾರು ಕೆಳಗಿಳಿಸುತ್ತಿದ್ದೆವು. ಕೈಬರಹ ಹೋಯಿತಲ್ಲ ಅಂತ ನಾನು ಅಳುವುದಿಲ್ಲ. ಮೂರು ವಾಕ್ಯ ಬರೆಯುವ ಮನಸ್ಸಿದ್ದರೆ ಕೀಲಿಮಣೆಯಲ್ಲೂ ಬರೆಯಬಹುದು. ಕಚೇರಿಯ ವಾಟ್ಸಾಪ್ ಗುಂಪಿನಲ್ಲೂ ಅಂಥದ್ದು ಕಾಣುತ್ತೇನೆ. ದಿನವಿಡೀ "ಸರಿ ಸರ್", "ಗಮನಿಸಲಾಗಿದೆ" ಅಂತ ಹೋಗುವ ಗುಂಪು ಮಳೆ ಜೋರಾದ ರಾತ್ರಿ ಬೇರೆ ಭಾಷೆಯಲ್ಲಿ ಮಾತಾಡುತ್ತದೆ. "ಹೊಳೆ ಮಂಟಪದ ಎರಡನೇ ಮೆಟ್ಟಿಲಿಗೆ ಬಂತು." "ಕೆಳಗಿನ ಕೇರಿಯವರು ಶಾಲೆಗೆ ಬಂದಾಯ್ತು, ಒಬ್ಬರು ಎಮ್ಮೆ ಬಿಟ್ಟು ಬರಲ್ಲ ಅಂತಿದಾರೆ." "ಎಮ್ಮೆಗೂ ಜಾಗ ಮಾಡಿದೀವಿ." ಅಲ್ಲಿ ಯಾರೂ "ಕ್ರಮ ಕೈಗೊಳ್ಳಲಾಗುವುದು" ಅಂತ ಬರೆಯುವುದಿಲ್ಲ. ಬರೆಯಲು ಪುರುಸೊತ್ತೂ ಇರುವುದಿಲ್ಲ.

ಆ ರಾತ್ರಿಯ ಕನ್ನಡ ನಮಗೆಲ್ಲರಿಗೂ ಬರುತ್ತದೆ. ಹಗಲು ಹನ್ನೊಂದು ಗಂಟೆಗೆ, ಸೀಲು ಪ್ಯಾಡು ಮುಂದಿಟ್ಟುಕೊಂಡು ಕೂತಾಗಲೂ ಅದು ಬರಬೇಕು ಅನ್ನುವುದು ನನ್ನ ಆಸೆ. ಅದಕ್ಕೆ ನಾನು ಹಿಂಬರಹದಿಂದ ಶುರು ಮಾಡಿದ್ದೇನೆ. ಅರ್ಜಿ ವಾಪಸ್ ಕಳಿಸುವಾಗ ಜನರಿಗೆ ಕೊಡುವ ಕಾಗದ ಅದು. ನಮ್ಮ ಹಳೆಯ ನಮೂನೆಯಲ್ಲಿ "ಸೂಕ್ತ ದಾಖಲೆಗಳು ಇಲ್ಲದ ಕಾರಣ ಸದರಿ ಅರ್ಜಿಯನ್ನು ವಿಲೇ ಮಾಡಲಾಗಿದೆ" ಅಂತ ಒಂದೇ ವಾಕ್ಯ ಇತ್ತು. ಎಲ್ಲರಿಗೂ ಅದೇ. ಹೋದ ತಿಂಗಳು ಒಬ್ಬ ಹೆಂಗಸಿನ ಪೌತಿ ಅರ್ಜಿಗೆ ನಾನು ಹೀಗೆ ಬರೆದೆ:

"ನಿಮ್ಮ ಅರ್ಜಿ ನೋಡಿದ್ದೇವೆ. ಉಳಿದ ದಾಖಲೆಗಳೆಲ್ಲ ಸರಿ ಇವೆ. ನಿಮ್ಮ ಎರಡನೇ ನಾದಿನಿಯ ಹೆಸರು ವಂಶವೃಕ್ಷದಲ್ಲಿದೆ, ಅರ್ಜಿಯಲ್ಲಿ ಇಲ್ಲ. ಅವರ ಹೆಸರನ್ನೂ ಸೇರಿಸಿ, ಅವರ ಆಧಾರ್ ಪ್ರತಿ ಇಟ್ಟು ತನ್ನಿ. ಅವರು ಬರುವುದು ಕಷ್ಟವಿದ್ದರೆ ಮೊದಲು ನಮಗೆ ತಿಳಿಸಿ. ಮಂಗಳವಾರ, ಗುರುವಾರ ಮಧ್ಯಾಹ್ನದ ಮೇಲೆ ಜನ ಕಡಿಮೆ ಇರುತ್ತಾರೆ."

ಸಹಿಗೆ ಇಟ್ಟಾಗ ಶಿರಸ್ತೇದಾರರು ಕನ್ನಡಕ ಮೇಲೆ ಮಾಡಿ ಓದಿದರು. "ಇಷ್ಟೆಲ್ಲ ಯಾಕಮ್ಮಾ?" ಅಂದರು.

"ಓದಿ ಅರ್ಥವಾದ್ರೆ ಇನ್ನೊಂದು ಸಲ ಸುಮ್ನೆ ಅಲೆಯೋದು ತಪ್ಪುತ್ತೆ ಸರ್."

"ಮಂಗಳವಾರದ್ದು ಬೇಕಾ?"

"ಅವರು ಎರಡು ಬಸ್ ಬದಲಾಯಿಸಿ ಬರ್ತಾರೆ ಸರ್."

ಸಹಿ ಮಾಡಿದರು. ಮುಂದಿನ ಗುರುವಾರ ಅತ್ತಿಗೆ, ನಾದಿನಿ ಇಬ್ಬರೂ ಒಟ್ಟಿಗೆ ಬಂದು ಕಾಗದ ಕೊಟ್ಟು ಹೋದರು. ಈಗ ಆ ಹಿಂಬರಹದ ನಮೂನೆಯನ್ನು ನಮ್ಮ ಶಾಖೆಯ ಕಂಪ್ಯೂಟರಿನಲ್ಲಿ ಹಾಕಿಟ್ಟಿದ್ದೇನೆ. ಬೇಕಾದವರು ತೆಗೆದುಕೊಳ್ಳಬಹುದು. ಮೇಲಿನ ವಿಳಾಸ, ಕೆಳಗಿನ ಸಹಿಯ ಜಾಗ ಎಲ್ಲ ಸಿದ್ಧ ಇದೆ. ಕಾರಣ ಬರೆಯುವ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಅದನ್ನು ಪ್ರತಿ ಸಲವೂ ಅರ್ಜಿ ಓದಿಯೇ ಬರೆಯಬೇಕು.